ಉದ್ದ ಮೂತಿಯ ಜೋಡು ಹೊಲಿದದ್ದು

ನಮ್ಮದು ಅಥಣಿ ಕಡೆಯ ಮನೆತನ. ಅಜ್ಜ, ಅಪ್ಪ ಇಬ್ಬರೂ ಕೊಲ್ಹಾಪುರಿ ಚಪ್ಪಲಿ ಮಾಡುತ್ತಿದ್ದರು. ಹರಳಯ್ಯ ಬಸವಣ್ಣನಿಗೆ ಹೊಲಿದುಕೊಟ್ಟ ಚಮ್ಮಾವುಗೆಯ ಕಥೆಯನ್ನು ಅಜ್ಜಿ ಹೇಳುವಾಗ ಉಳಿದವರು ಕಣ್ಣೀರು ಹಾಕುತ್ತಿದ್ದರು. ನನ್ನ ಪ್ರಶ್ನೆ ಬೇರೆ: ಯಾವ ದಾರದಲ್ಲಿ ಹೊಲಿದ, ಸೋಲಿಗೆ, ಅಂದರೆ ಜೋಡಿನ ಅಡಿಗೆ, ಏನು ಹಾಕಿದ? ಮುಂಬೈಗೆ ಬಂದು ಕುರ್ಲಾದ ಠಕ್ಕರ್ ಬಾಪಾ ಕಾಲೋನಿಯಲ್ಲಿ ಬೂಟಿನ ಕೆಲಸ ಕಲಿತೆ. ಹೊಟ್ಟೆಪಾಡು ಇವತ್ತಿಗೂ ಗಂಡಸರ ಕಪ್ಪು ಫಾರ್ಮಲ್ ಶೂ. ಆಸೆ ಮಾತ್ರ ಎಲ್ಲೆಲ್ಲಿಯದೋ ಹಳೆಯ, ವಿಚಿತ್ರ ಪಾದರಕ್ಷೆಗಳ ಮೇಲೆ.

ಚಿತ್ರ ನೋಡಿದರೆ ನನಗೆ ಸಾಲದು. ಹೊಲಿಯಬೇಕು. ಆಗಲೇ ಆ ಆಕಾರ ಯಾಕೆ ಹಾಗಿದೆ ಅಂತ ಕೈಗೆ ತಿಳಿಯುವುದು.

ಶುರು ಮಾಡಿದ್ದು ಆರ್ಮೇನಿಯಾದ ಜೋಡಿನಿಂದ. 2008ರಲ್ಲಿ ಅಲ್ಲಿನ ಅರೇನಿ ಗುಹೆಯಲ್ಲಿ ಒಂದೇ ಒಂದು ಬಲಗಾಲಿನ ಜೋಡು ಸಿಕ್ಕಿತು. ಸುಮಾರು 5,500 ವರ್ಷ ಹಳೆಯದು. ಕುರಿಹಿಕ್ಕೆಯ ದಪ್ಪ ಪದರದ ಕೆಳಗೆ ಕೆಡದೆ ಉಳಿದಿತ್ತು, ಒಳಗೆ ಹುಲ್ಲು ತುಂಬಿತ್ತು. ಉದ್ದ 24.5 ಸೆಂಟಿಮೀಟರ್. ನನ್ನ ಹೆಂಡತಿಯ ಕಾಲಳತೆಯೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಅಳತೆಗೆ ಅವಳನ್ನೇ ಕೂರಿಸಿದೆ. ಹಳೇ ಬಟ್ಟೆಯನ್ನು ಕಾಲಿಗೆ ಸುತ್ತಿ, ಮೇಲೆ ಗೆರೆ ಎಳೆದು, ಕತ್ತರಿಸಿ ಬಿಡಿಸಿದರೆ ಅದೇ ಪ್ಯಾಟರ್ನ್. ಅಸಲು ಜೋಡು ದನದ ತೊಗಲಿನ ಒಂದೇ ತುಂಡು. ನಾನು ಎಮ್ಮೆಯದ್ದು ಬಳಸಿದೆ. ನೆನೆಸಿ, ಕಾಲಿಗೆ ಸುತ್ತಿ, ಮುಂದೆ ಹಿಂದೆ ತೊಗಲಿನ ದಾರ ಹಾಕಿ ಬಿಗಿದೆ. ಮೊಳೆ ಇಲ್ಲ, ಅಂಟು ಇಲ್ಲ, ಫರ್ಮಾ (ಜೋಡು ಕೂರಿಸಿ ಹೊಲಿಯುವ ಪಾದದ ಆಕಾರದ ಅಚ್ಚು) ಇಲ್ಲ. ಅಪ್ಪನ ಕೊಲ್ಹಾಪುರಿಯೂ ಹೀಗೇ ಅಲ್ವಾ!

ಆಮೇಲೆ ಹಿಡಿದದ್ದು ಪೂಲೇನ್. ಹದಿನಾಲ್ಕು, ಹದಿನೈದನೇ ಶತಮಾನದಲ್ಲಿ ಯುರೋಪಿನ ಶೋಕಿಲಾಲರು ಹಾಕುತ್ತಿದ್ದ ಉದ್ದ ಮೂತಿಯ ಜೋಡು. ಮೂತಿ ಎಷ್ಟು ಬೆಳೆಯಿತೆಂದರೆ 1463ರಲ್ಲಿ ಇಂಗ್ಲೆಂಡಿನ ರಾಜ ನಾಲ್ಕನೇ ಎಡ್ವರ್ಡ್‌ನ ಕಾಲದಲ್ಲಿ ಕಾನೂನೇ ಬಂತು: ಲಾರ್ಡ್‌ಗಿಂತ ಕೆಳಗಿನವರು ಎರಡು ಇಂಚಿಗಿಂತ ಉದ್ದದ ಮೂತಿ ಹಾಕುವಂತಿಲ್ಲ. ಶೋಕಿಗೆ ಕಾಲೂ ಬೆಲೆ ತೆತ್ತಿದೆ. ಕೇಂಬ್ರಿಜ್‌ನಲ್ಲಿ ಅಗೆದ ಅಸ್ಥಿಪಂಜರಗಳನ್ನು ನೋಡಿ 2021ರಲ್ಲಿ ಸಂಶೋಧಕರು ಬರೆದರು: ಹನ್ನೊಂದರಿಂದ ಹದಿಮೂರನೇ ಶತಮಾನದವರಲ್ಲಿ ಹೆಬ್ಬೆರಳು ಒಳಗೆ ವಾಲಿ ಗೆಣ್ಣು ಉಬ್ಬಿದವರು ಶೇ. 6, ಪೂಲೇನ್ ಕಾಲದವರಲ್ಲಿ ಶೇ. 27.

ಮೊದಲು ತೊಗಲಿನ ಮಾತು. ಧಾರಾವಿಯಲ್ಲಿ ಸುಲಭವಾಗಿ ಸಿಗುವುದು ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣ ಹಾಕಿ ಹದ ಮಾಡಿದ ತೊಗಲು. ಅದು ರಬ್ಬರಿನ ಹಾಗೆ ಹಿಗ್ಗಿ ಮತ್ತೆ ಹಳೇ ಜಾಗಕ್ಕೆ ಬರುತ್ತದೆ, ಮೂತಿ ನಿಲ್ಲುವುದಿಲ್ಲ. ನನಗೆ ಬೇಕಾದದ್ದು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ್ದು, ಅಂದರೆ ನಮ್ಮ ಕೊಲ್ಹಾಪುರಿ ತೊಗಲು. ಊರಿಂದಲೇ ತರಿಸಿದೆ. ಪೂಲೇನ್ ಕಾಲದ ಲಂಡನ್ನಿನವರು ಹೆಚ್ಚಾಗಿ ಕರುವಿನ ತೊಗಲು ಬಳಸಿದ್ದಾರೆ. ಮಹಾರಾಷ್ಟ್ರದಲ್ಲಿ ಎತ್ತು, ಹೋರಿ ಕಡಿಯುವುದನ್ನೂ ನಿಷೇಧಿಸಿದ 2015ರ ಕಾನೂನಿನ ನಂತರ ದನದ ತೊಗಲಿನ ತಂಟೆಯೇ ಬೇಡ ಅಂತ ಮೇಲ್ಭಾಗಕ್ಕೆ ಆಡಿನದ್ದು, ಸೋಲಿಗೆ ತೆಳ್ಳಗೆ ಕೆತ್ತಿದ ಎಮ್ಮೆಯದ್ದು ಇಟ್ಟುಕೊಂಡೆ.

ಈ ಜೋಡನ್ನು ಒಳಗಿನ ಮೈ ಹೊರಗೆ ಮಾಡಿ ಹೊಲಿಯುತ್ತಾರೆ. ಹೊಲಿದ ಮೇಲೆ ದಿಂಬಿನ ಗವಸಿನ ಹಾಗೆ ಮಗುಚುತ್ತಾರೆ. ಫರ್ಮಾದ ಮೇಲೆ ತೊಗಲಿನ ಒರಟು ಮೈ ನಮ್ಮ ಕಡೆಗಿರುತ್ತದೆ. ಮೇಣ ಸವರಿದ ದಾರ ಬೇಕು. ಕಷ್ಟ ಇರುವುದು ಆರಿಯಲ್ಲಿ, ಅಂದರೆ ತೊಗಲಿಗೆ ತೂತು ಹಾಕುವ ದಬ್ಬಳದಲ್ಲಿ. ಸೋಲಿನ ಒರಟು ಮೈಯಿಂದ ಹೊಕ್ಕ ಆರಿ ಅಂಚಿನಿಂದ ಹೊರಬರಬೇಕು, ನುಣುಪು ಮೈಗೆ ತೂತು ಬೀಳಕೂಡದು. ನೆಲಕ್ಕೆ ತಾಗುವುದು ಆ ನುಣುಪು ಮೈ. ಮಗುಚಿದ ಮೇಲೆ ಹೊಲಿಗೆಯೆಲ್ಲ ಒಳಗೆ ಹೋಗುತ್ತದೆ. ಕಲ್ಲಿಗೆ ದಾರ ಸವೆಯುವುದಿಲ್ಲ, ತೂತಿನಿಂದ ಕೆಸರುನೀರು ಏರುವುದಿಲ್ಲ. ಸೋಲಿಗೂ ಮೇಲ್ಭಾಗಕ್ಕೂ ನಡುವೆ ತೆಳ್ಳನೆಯ ತೊಗಲಿನ ಪಟ್ಟಿ ಇಟ್ಟು ಹೊಲಿದರೆ ಇನ್ನೂ ಬಿಗಿ. ಮೂತಿ ನೋಡಿ ನಗುವವರಿಗೆ ಈ ಜಾಣತನ ಕಾಣುವುದಿಲ್ಲ.

ಮಗುಚುವ ಮುಂಚೆ ನೀರಲ್ಲಿ ನೆನೆಸಬೇಕು. ಹಿಮ್ಮಡಿ ಸುಲಭವಾಗಿ ತಿರುಗುತ್ತದೆ. ಮೂತಿಯಲ್ಲಿ ಬೆರಳೂ ಹೋಗುವುದಿಲ್ಲ. ತುದಿ ಉರುಟು ಮಾಡಿದ ಬಿದಿರು ಕಡ್ಡಿಯಿಂದ ಸ್ವಲ್ಪ ಸ್ವಲ್ಪವೇ ದೂಡುತ್ತೇನೆ. ಅವಸರ ಮಾಡಿದರೆ ಕಡ್ಡಿ ತೊಗಲನ್ನು ಸೀಳಿಕೊಂಡು ಆಚೆ ಬರುತ್ತದೆ. ಮುಂಬೈ ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈ ಹಾಕಲೇಬಾರದು. ನೆನೆದ ತೊಗಲು ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ. ದೀಪಾವಳಿ ಕಳೆದ ಮೇಲೆ ಒಳ್ಳೇದು.

ಲಂಡನ್ನಿನಲ್ಲಿ ಸಿಕ್ಕ ಹಳೇ ಜೋಡುಗಳ ಮೂತಿಯಲ್ಲಿ ಪಾಚಿ ತುಂಬಿದ್ದು ಕಂಡಿದೆ. ನಾನು ತುಂಬುವುದು ತೆಂಗಿನ ನಾರು. ಹತ್ತಿ ಬೇಗ ಅದುಮಿಕೊಂಡು ಮೂತಿ ಜೋತುಬೀಳುತ್ತದೆ, ನಾರು ಸೆಟೆದು ನಿಲ್ಲುತ್ತದೆ. ಹಾಕಿಕೊಂಡು ನಡೆದೂ ನೋಡಿದ್ದೇನೆ. ಸಮ ನೆಲದಲ್ಲಿ ತೊಂದರೆ ಇಲ್ಲ. ಮೆಟ್ಟಿಲು ಹತ್ತುವಾಗ ಮಾತ್ರ ಪಾದ ಓರೆ ಮಾಡಬೇಕು. ಕುರ್ಲಾ ಸ್ಟೇಷನ್ ಸೇತುವೆಯ ಮೇಲೆ ಸಂಜೆ ಆರರ ಗದ್ದಲದಲ್ಲಿ ಸಾಧ್ಯವೇ ಇಲ್ಲ ಬಿಡಿ.

ಇನ್ನೊಂದು ಮೆಚ್ಚಿನದು ಎಡ ಬಲ ಎಂಬ ಭೇದವೇ ಇಲ್ಲದ ಜೋಡು. ಯುರೋಪಿನಲ್ಲಿ ಸುಮಾರು 1600ರ ಹೊತ್ತಿಗೆ ಎತ್ತರದ ಹಿಮ್ಮಡಿ ಬಂತು. ಹಿಮ್ಮಡಿಗೆ ಹೊಂದುವ ಎಡ ಬಲದ ಫರ್ಮಾ ಕೆತ್ತುವುದು ದೊಡ್ಡ ಖರ್ಚು. ಎರಡೂ ಕಾಲಿಗೆ ಒಂದೇ ಫರ್ಮಾ ಸಾಕು ಅಂದುಕೊಂಡು ಇನ್ನೂರು ವರ್ಷ ಕಳೆದರು. ನಮ್ಮ ಮೋಜಡಿಯೂ ಹಾಗೇ, ಕಾಲೇ ಅದನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತದೆ. ವೆನಿಸಿನ ಹೆಂಗಸರು ಹಿಂದೆ ಹಾಕುತ್ತಿದ್ದ, ಅರ್ಧ ಮೀಟರ್‌ವರೆಗೂ ಎತ್ತರದ ಅಡಿಯ ಚಾಪಿನ್ ಎಂಬ ಜೋಡು ಕೂಡ ಸೋಜಿಗವೇ. ಆದರೆ ಅದು ಮುಖ್ಯವಾಗಿ ಕಟ್ಟಿಗೆ, ಕಾರ್ಕ್ ಕೆಲಸ. ನನಗೆ ಅಷ್ಟು ರುಚಿಸಲಿಲ್ಲ.

ಈಗ ಮಾಟುಂಗದ ಕನ್ನಡ ನಾಟಕದ ಹುಡುಗರು ರಾಜನ ಪಾತ್ರಕ್ಕೆ ಪೂಲೇನ್ ಕೇಳಿದ್ದಾರೆ. "ಅಣ್ಣಾ, ಸ್ಟೇಜ್ ಮೇಲೆ ಜಾರುತ್ತೆ, ಅಡಿಗೆ ರಬ್ಬರ್ ಹಾಕಿ" ಅಂದರು. ಹಾಕುತ್ತೇನೆ. ಹಳೇ ಕಾಲದವರೂ ಸೋಲು ಸವೆದಾಗ ಅಡಿಗೆ ತೇಪೆ ಹೊಲಿಸುತ್ತಿದ್ದರು. ಮೂತಿಯನ್ನು ಎರಡು ಇಂಚಿಗೆ ಇಳಿಸಿ ಅಂದಾಗ ಮಾತ್ರ ಒಪ್ಪಲಿಲ್ಲ. ರಾಜ ತಾನೇ, ಅವನಿಗೆ ಯಾವ ಕಾನೂನು?