ಖೈಮಾ ಯಂತ್ರ ಕೊಳ್ಳುವವರಿಗೆ

ದುಗ್ಗಮ್ಮನ ಜಾತ್ರೆಗೆ ನೆಂಟರೆಲ್ಲ ದಾವಣಗೆರೆಗೆ ಬಂದಾಗ ಖೈಮಾ ಉಂಡೆಗೆ ಮಾಂಸ ಅರೆಯುವುದೇ ದೊಡ್ಡ ಕೆಲಸ. ಯಂತ್ರ ಕೊಳ್ಳುವುದಾದರೆ ಡಬ್ಬದ ಮೇಲಿನ ವ್ಯಾಟ್ ಅಂಕಿಗೆ ಮರುಳಾಗಬೇಡಿ, ಬಾಯಿಯ ಅಳತೆ ಹೇಳುವ ನಂಬರು ನೋಡಿ. ನಾಲ್ಕೈದು ಜನರ ಮನೆಗೆ 8ನೇ ನಂಬರು ಸಾಕು. ಇಡೀ ಮರಿಯ ಮಾಂಸ ಅರೆಯುವವರಿಗೆ 12 ಅಥವಾ 22 ಬೇಕು. ಕೈಯಿಂದ ತಿರುಗಿಸುವ, ತವರ ಲೇಪದ ಕಬ್ಬಿಣದ ಯಂತ್ರ ಅಗ್ಗ, ಗಟ್ಟಿ. ಆದರೆ ತೊಳೆದ ಕೂಡಲೇ ಒರೆಸಿ ಶೇಂಗಾ ಎಣ್ಣೆ ಸವರದಿದ್ದರೆ ತುಕ್ಕು ಹಿಡಿಯುತ್ತದೆ.

ಉಂಡೆಗೆ 4–5 ಮಿ.ಮೀ. ತೂತಿನ ಬಿಲ್ಲೆ ಸರಿ. ಅಲಗಿನ ಚಪ್ಪಟೆ ಮುಖ ಬಿಲ್ಲೆಗೆ ತಾಗಿಯೇ ಇರಬೇಕು. ನಾನು ಮೊದಲ ಸಲ ತಿರುವುಮುರುವಾಗಿ ಕೂರಿಸಿದ್ದರಿಂದ ಮಾಂಸ ಕತ್ತರಿಸದೆ ಜಜ್ಜಿ, ತೂತುಗಳಲ್ಲಿ ಬೂದುಬಣ್ಣದ ಹಿಟ್ಟಿನಂತೆ ಸಿಕ್ಕಿಕೊಂಡಿತ್ತು. ನರ, ಬಿಳಿ ಪೊರೆ ತಪ್ಪದೆ ಬಿಡಿಸಿ. ಅವೇ ಅಲಗಿಗೆ ಸುತ್ತಿಕೊಳ್ಳುವುದು.

ಚಿತ್ರದುರ್ಗದ ಜೋಗಿಮಟ್ಟಿ ಅರಣ್ಯದ ಕಡೆಯ ಕಾಡುಮಾಂಸವೆಂದು ಯಾರಾದರೂ ತಂದುಕೊಟ್ಟರೆ ದಯವಿಟ್ಟು ಬೇಡವೆನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಕುರಿಗೆ ನಮ್ಮ ಜಿಲ್ಲೆಗಳಲ್ಲಿ ಬರವೇ?

ಇನ್ನೊಂದು: ತುಂಡುಗಳನ್ನು, ಜೊತೆಗೆ ಅಲಗು ಬಿಲ್ಲೆಗಳನ್ನೂ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಅರೆಯಿರಿ. ಕೊಬ್ಬು ಕರಗದೆ ಖೈಮಾ ಬಿಡಿಬಿಡಿಯಾಗಿ ಉದುರುತ್ತದೆ.