ಹೊಟ್ಟೆನೋವಿನ ಮಗು ತುರ್ತು ವಿಭಾಗಕ್ಕೆ ಬಂದಾಗ: ನೋವು ತಗ್ಗಿಸುವ ಕ್ರಮ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ತೀವ್ರ ಹೊಟ್ಟೆನೋವಿನ ಮಗುವನ್ನು ಕರೆತಂದಾಗ, ಸರ್ಜನ್ ನೋಡುವ ಮೊದಲು ನೋವಿನ ಔಷಧ ಕೊಟ್ಟರೆ ಅಪೆಂಡಿಸೈಟಿಸ್ (ಕರುಳಬಾಲದ ಉರಿಯೂತ) ಗೊತ್ತಾಗದೆ ಹೋಗುತ್ತದೆ ಎಂಬ ಹಳೆಯ ಮಾತು ಈಗಲೂ ಕೇಳಿಬರುತ್ತದೆ. ಮಕ್ಕಳಲ್ಲಿ ನಡೆದ ಅಧ್ಯಯನಗಳು ಈ ಭಯವನ್ನು ಸಮರ್ಥಿಸಿಲ್ಲ. ನೋವು ತಗ್ಗಿದ ಮಗು ಹೊಟ್ಟೆಯನ್ನು ಬಿಗಿಹಿಡಿಯದೆ ಮಲಗುವುದರಿಂದ ಪರೀಕ್ಷೆ ಸುಲಭವಾಗುತ್ತದೆ. ನೋವಿನ ಔಷಧ ಕೊಡದೆ ಕಾಯಿಸುವುದು ಮಗುವಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಮೊದಲು ನೋವನ್ನು ಅಳೆಯಿರಿ. ಮನೆಯಲ್ಲಿ ‘ಬಂಜಿಬೇನೆ’ ಎಂದು ತುಳುವಿನಲ್ಲೋ ‘ಹೊಟ್ಟೆಬೇನೆ’ ಎಂದು ಹವ್ಯಕ ಕನ್ನಡದಲ್ಲೋ ಹೇಳುವ ಮಗು, ಮಲಯಾಳದಲ್ಲಿ ಕೇಳಿದ ಪ್ರಶ್ನೆ ಅರ್ಥವಾಗದೆ ಸುಮ್ಮನಿದ್ದರೆ, ನೋವಿಲ್ಲವೆಂದು ಚೀಟಿಯಲ್ಲಿ ಬರೆದುಬಿಡುವ ಅಪಾಯ ನಮ್ಮ ಕಾಸರಗೋಡಿನಲ್ಲಿ ನಿಜವಾಗಿಯೂ ಇದೆ. ಆದ್ದರಿಂದ 4 ವರ್ಷ ದಾಟಿದವರಿಗೆ ಮುಖಚಿತ್ರಗಳ ಪಟ್ಟಿಯನ್ನು ತೋರಿಸಿ, ನೋವಿಗೆ ಹೊಂದುವ ಮುಖವನ್ನು ಮುಟ್ಟಲು ಹೇಳಿ. ಸುಮಾರು 8 ವರ್ಷದ ಮೇಲಿನವರನ್ನು 0ಯಿಂದ 10ರೊಳಗೆ ಅಂಕ ಕೇಳಿ. ಕೂಸುಗಳಲ್ಲಿ ಮುಖಭಾವ, ಕಾಲು ಮಡಚುವುದು, ಹೊರಳಾಟ, ಅಳು, ಎತ್ತಿಕೊಂಡರೆ ಸಮಾಧಾನವಾಗುತ್ತದೆಯೇ ಎಂಬುದನ್ನು ನೋಡಿ ನಿರ್ಧರಿಸಿ.

ಔಷಧಕ್ಕೆ ಮೊದಲು ಮಗುವನ್ನು ತೂಗಿ, ಮನೆಯಲ್ಲಿ ಏನು ಕೊಟ್ಟಿದ್ದಾರೆಂದು ವಿಚಾರಿಸಿ. ಪ್ಯಾರಸಿಟಮಾಲ್ ಸಿರಪ್ ಬೇರೆ ಬೇರೆ ಸಾಮರ್ಥ್ಯಗಳಲ್ಲಿ ಸಿಗುವುದರಿಂದ ಬಾಟಲಿಯನ್ನೇ ನೋಡುವುದು ಒಳ್ಳೆಯದು. ಸಾಧಾರಣ ನೋವಿಗೆ ಪ್ಯಾರಸಿಟಮಾಲ್ ಕಿಲೋಗೆ 15 ಮಿ.ಗ್ರಾಂ., ಅಂದರೆ 20 ಕಿಲೋ ಮಗುವಿಗೆ 300 ಮಿ.ಗ್ರಾಂ.; ದಿನಕ್ಕೆ ಕಿಲೋಗೆ 60 ಮಿ.ಗ್ರಾಂ. ಮೀರಬಾರದು. ವಾಂತಿಯಿದ್ದರೆ ಅಥವಾ ಶಸ್ತ್ರಚಿಕಿತ್ಸೆಯ ಸಾಧ್ಯತೆಯಿದ್ದರೆ ರಕ್ತನಾಳದ ಮೂಲಕ ಕೊಡಿ. ನಿರ್ಜಲೀಕರಣ, ರಕ್ತಸ್ರಾವ ಅಥವಾ ಡೆಂಗಿಯ ಶಂಕೆ ಇರುವಾಗ ಐಬುಪ್ರೊಫೆನ್ ಬೇಡ. ಆಸ್ಪಿರಿನ್ ಅಂತೂ ಕೊಡಲೇಬಾರದು. ಹೊಟ್ಟೆಯ ಸೆಳೆತ ತಗ್ಗಿಸುವ ಡೈಸೈಕ್ಲೊಮಿನ್ ಹನಿ ನೋವುನಿವಾರಕಕ್ಕೆ ಬದಲಿಯಲ್ಲ, 6 ತಿಂಗಳ ಒಳಗಿನ ಶಿಶುವಿಗೆ ಅದು ನಿಷಿದ್ಧ.

ತೀವ್ರ ನೋವಿಗೆ ಮಾರ್ಫಿನ್ ಬೇಕು: ಕಿಲೋಗೆ 0.05ರಿಂದ 0.1 ಮಿ.ಗ್ರಾಂ. ಅನ್ನು ರಕ್ತನಾಳಕ್ಕೆ ನಿಧಾನವಾಗಿ, ಆಮ್ಲಜನಕದ ಮಟ್ಟವನ್ನು ಗಮನಿಸುತ್ತ, ನಲಾಕ್ಸೋನ್ (ಮಾರ್ಫಿನ್‌ನ ಪರಿಣಾಮವನ್ನು ತಡೆಯುವ ಮದ್ದು) ಮತ್ತು ಬ್ಯಾಗ್-ಮಾಸ್ಕ್ (ಕೈಯಿಂದ ಒತ್ತಿ ಉಸಿರು ಕೊಡುವ ಸಾಧನ) ಕೈಗೆಟುಕುವಂತೆ ಇಟ್ಟುಕೊಂಡು, ಹಿರಿಯ ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡಬೇಕು. ಎಳೆಯ ಶಿಶುಗಳಲ್ಲಿ ಪ್ರಮಾಣ ಇನ್ನೂ ಕಡಿಮೆ. 15–20 ನಿಮಿಷದ ಬಳಿಕ ನೋವನ್ನು ಮತ್ತೆ ಅಳೆದು, ಸಾಲದಿದ್ದರೆ ಇನ್ನಷ್ಟು ಕೊಡಬಹುದು. ಅಮ್ಮನೋ ಅಜ್ಜಿಯೋ ಮಗುವಿನ ಪಕ್ಕದಲ್ಲೇ ಇರಲಿ.

ಮಂಗಳೂರಿಗೆ ಕಳುಹಿಸುವುದಾದರೆ ಔಷಧದ ಹೆಸರು, ಪ್ರಮಾಣ, ಕೊಟ್ಟ ಗಳಿಗೆ ಹಾಗೂ ಕೊಡುವ ಮೊದಲು ಹೊಟ್ಟೆ ಹೇಗಿತ್ತು ಎಂಬುದನ್ನು ರೆಫರಲ್ ಚೀಟಿಯಲ್ಲಿ ಬರೆದು, ಆಂಬುಲೆನ್ಸ್ ಹೊರಡುವ ಮೊದಲು ಅಲ್ಲಿನ ವೈದ್ಯರಿಗೆ ಫೋನಿನಲ್ಲಿಯೂ ತಿಳಿಸಿ.