ಲಾರಿ ಕಮಾನ್ ಪಟ್ಟಿಯಿಂದ ಗಟ್ಟಿ ಕುರ್ಪಿ: ಹದ ಹಾಕುವ ಬಗೆ

ಎರೆಹೊಲದಲ್ಲಿ ಕಳೆ ತೆಗೆಯುವಾಗ ಅಗ್ಗದ ಕುರ್ಪಿಯ ಬಾಯಿ ನಾಲ್ಕೇ ದಿನದಲ್ಲಿ ಮಡಚಿಕೊಳ್ಳುತ್ತದೆ. ಅದು ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಮೆತ್ತನೆ ಉಕ್ಕು) ಪಟ್ಟಿಯದ್ದು. ಅದರಲ್ಲಿ ಇಂಗಾಲ ಶೇ 0.25ಕ್ಕಿಂತ ಕಡಿಮೆ, ಹಾಗಾಗಿ ಎಷ್ಟು ಕಾಯಿಸಿ ಅದ್ದಿದರೂ ಹದ ಹಿಡಿಯದು, ಅಂದರೆ ಗಟ್ಟಿಯಾಗದು. ಲಾರಿಯ ಕಮಾನ್ ಪಟ್ಟಿಯಲ್ಲಿ (ಲೀಫ್ ಸ್ಪ್ರಿಂಗ್) ಇಂಗಾಲ ಶೇ 0.5ರಿಂದ 0.6ರಷ್ಟು ಇರುತ್ತದೆ. ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ತೂಕದ ಲೆಕ್ಕಕ್ಕೆ ಸಿಗುವ ಈ ಪಟ್ಟಿಯೇ ನಮಗೆ ಬೇಕಾದ ಉಕ್ಕು.

ತಂದದ್ದು ಸರಿಯಾದ ಮಾಲೇ ಎಂದು ಗ್ರೈಂಡರ್ ಹಿಡಿದು ನೋಡಿ. ಎಂ.ಎಸ್.ನ ಕಿಡಿ ಉದ್ದಕ್ಕೆ, ನೇರವಾಗಿ ಹಾರುತ್ತದೆ. ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿ ತುದಿಯಲ್ಲಿ ಕವಲೊಡೆದು ಸಿಡಿಯುತ್ತದೆ. ಬಿರುಕು ಬಿಟ್ಟ ಪಟ್ಟಿ ಪುಕ್ಕಟೆ ಕೊಟ್ಟರೂ ಬೇಡ.

ಕಮಾನ್ ಪಟ್ಟಿ ಮೊದಲೇ ಹದ ಹಿಡಿದಿರುವುದರಿಂದ ಹ್ಯಾಕ್ಸಾ ಬ್ಲೇಡ್ ಅದರ ಮೇಲೆ ಜಾರುತ್ತದೆ. ಕೆಂಪಗೆ ಕಾಯಿಸಿ, ಒಣ ಬೂದಿಯಲ್ಲಿ ಹುಗಿದು ರಾತ್ರಿಯಿಡೀ ಬಿಟ್ಟರೆ ಮೆತ್ತಗಾಗುತ್ತದೆ. ಅವಸರವಿದ್ದರೆ ನಾಲ್ಕಿಂಚಿನ ಗ್ರೈಂಡರಿಗೆ ತೆಳು ಕಟಿಂಗ್ ಡಿಸ್ಕ್ ಹಾಕಿ ಕೊಯ್ಯಿರಿ. ಗಾರ್ಡ್ ತೆಗೆಯಬೇಡಿ, ಕನ್ನಡಕ ಬಿಡಬೇಡಿ, ಡಿಸ್ಕನ್ನು ಪಕ್ಕಕ್ಕೆ ಒತ್ತಬೇಡಿ.

ದಪ್ಪ ಪ್ಲೇಟಿಗೆ ಗ್ಯಾಸ್ ಕಟಿಂಗ್ ಇದೆ. ಅಲ್ಲಿ ಕಬ್ಬಿಣ ಬರೀ ಕರಗುವುದಿಲ್ಲ. ಕೆಂಪಾದ ಜಾಗಕ್ಕೆ ಆಮ್ಲಜನಕ ಹಾಯಿಸಿದಾಗ ಅದು ಉರಿದೇ ಹೋಗುತ್ತದೆ. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಮೇಲೆ ಗಟ್ಟಿ ಆಕ್ಸೈಡ್ ಪೊರೆ ಕಟ್ಟುವುದರಿಂದ ಈ ಉಪಾಯ ನಡೆಯದು, ಪ್ಲಾಸ್ಮಾ ಅಥವಾ ಲೇಸರ್ ಬೇಕು. ಸತು ಲೇಪಿಸಿದ ಜಿಐ ಪೈಪನ್ನು ಮುಚ್ಚಿದ ಕೋಣೆಯಲ್ಲಿ ಗ್ಯಾಸಿನಿಂದ ಕತ್ತರಿಸಬೇಡಿ, ಸತುವಿನ ಹೊಗೆ ಜ್ವರ ತರುತ್ತದೆ.

ಇನ್ನು ಬಡಿಯುವುದು. ಅಡಿಗಲ್ಲಾಗಿ ರೈಲು ಹಳಿಯ ತುಂಡು ಚೆನ್ನಾಗಿರುತ್ತದೆ. ಆದರೆ 1885ರಿಂದ ರೈಲ್ವೆ ವರ್ಕ್‌ಶಾಪ್ ಇರುವ ಊರು ನಮ್ಮದು. ಹಳಿ ತುಂಡು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ತೋರಿಸಲು ರಸೀದಿ ಇರಲಿ. ರೈಲ್ವೆ ಆಸ್ತಿ ಅಕ್ರಮವಾಗಿ ಇಟ್ಟುಕೊಂಡವರಿಗೆಂದೇ 1966ರ ಕಾಯ್ದೆಯಿದೆ.

ಕುಲುಮೆಯಲ್ಲಿ ಪಟ್ಟಿ ಕಿತ್ತಳೆ ಬಣ್ಣಕ್ಕೆ ಬಂದಾಗ ಇಕ್ಕಳದಲ್ಲಿ ಹಿಡಿದು ಬಡಿಯಿರಿ. ಬಣ್ಣ ಮಂಕು ಕೆಂಪಿಗೆ ಇಳಿದ ಕೂಡಲೇ ಮತ್ತೆ ಬೆಂಕಿಗೆ. ತಣ್ಣಗಾದದ್ದನ್ನು ಬಡಿದರೆ ಒಳಗೇ ಬಿರುಕು ಹುಟ್ಟುತ್ತದೆ. ಬಿಳಿ ಕಿಡಿ ಹಾರುವಷ್ಟು ಕಾಯಿಸಿದರೆ ಉಕ್ಕು ಸುಟ್ಟಂತೆ, ಆ ತುಂಡನ್ನು ಎಸೆಯಬೇಕು. ಮೊದಲು ಹಿಡಿಕೆಗೆ ಹೋಗುವ ಬಾಲ, ಆಮೇಲೆ ಬಾಯಿ. ಬಾಯಿಯನ್ನು ಸುಮಾರು ಎರಡು ಮಿ.ಮೀ. ದಪ್ಪವೇ ಉಳಿಸಿ, ಈಗಲೇ ತೆಳುವಾದರೆ ಅದ್ದುವಾಗ ಸೊಟ್ಟಗಾಗುತ್ತದೆ. ಆಕಾರ ಬಂದ ಮೇಲೆ ಎರಡು ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಡಿ. ಬಡಿತದಿಂದ ಉಕ್ಕಿನೊಳಗೆ ಕೂತ ಬಿಗುವು ಸಡಿಲಾಗುತ್ತದೆ.

ಇಲ್ಲಿಯವರೆಗೆ ತೋಳಿನ ಕೆಲಸ. ಹದಕ್ಕೆ ಕಣ್ಣು ಬೇಕು.

ನೆರಳಿನಲ್ಲಿ ಕೂತು ಕಾಯಿಸಿ, ಬಿಸಿಲಲ್ಲಿ ಕೆಂಪು ಗುರುತು ಸಿಗುವುದಿಲ್ಲ. ಸುಮಾರು 770 ಡಿಗ್ರಿಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದು ಬಿಡುತ್ತದೆ. ಅಲ್ಲಿಂದ ಇನ್ನೊಂದು ಛಾಯೆ ಹೆಚ್ಚು, ಅಂದರೆ 850 ದಾಟುವಷ್ಟು ಕಾಯಿಸಿ, ಉಗುರುಬಿಸಿ ಶೇಂಗಾ ಎಣ್ಣೆಯಲ್ಲಿ ನೆಟ್ಟಗೆ ಅದ್ದಿ. ಅಡ್ಡ ಅದ್ದಿದರೆ ಬಾಗುತ್ತದೆ. ಎಣ್ಣೆ ಹೊತ್ತಿಕೊಳ್ಳಬಹುದು, ಆದ್ದರಿಂದ ಪಾತ್ರೆ ಕಬ್ಬಿಣದ್ದಿರಲಿ, ಮುಚ್ಚಳ ಕೈಗೆಟುಕುವಂತಿರಲಿ, ನೀರು ಮಾತ್ರ ಹಾಕಬೇಡಿ. ಹಳೇ ಎಂಜಿನ್ ಆಯಿಲ್ ಅಗ್ಗವೇನೋ ಹೌದು, ಅದರ ಹೊಗೆ ಯಾರಿಗೂ ಬೇಡ. ಈ ಉಕ್ಕನ್ನು ತಣ್ಣೀರಿಗೆ ಅದ್ದಿದರೆ ಸೀಳುವ ಅಪಾಯ ಹೆಚ್ಚು. ಆರಿದ ಮೇಲೆ ಅರ ಉಜ್ಜಿ: ಕಚ್ಚದೆ ಜಾರಿದರೆ ಗಟ್ಟಿಯಾಗಿದೆ.

ಆದರೆ ಈಗದು ಗಾಜಿನಷ್ಟು ಪೆಡಸು, ಕಲ್ಲಿಗೆ ತಾಗಿದರೆ ಚೂರು ಹಾರುತ್ತದೆ. ಆ ಪೆಡಸು ಇಳಿಸಬೇಕು. ಬಾಯಿಯನ್ನು ಮರಳು ಕಾಗದದಿಂದ ಹೊಳೆಯುವಂತೆ ತಿಕ್ಕಿ, ಹಿಂಭಾಗದಿಂದ ನಿಧಾನ ಕಾಯಿಸಿ. ಹೊಳಪಿನ ಮೇಲೆ ಬಣ್ಣಗಳು ಓಡಿ ಬರುತ್ತವೆ: 220 ಡಿಗ್ರಿ ಸುಮಾರಿಗೆ ತಿಳಿ ಹಳದಿ, 260ರ ಹತ್ತಿರ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ಚಾಕುವಿಗಾದರೆ ಹಳದಿ ಸಾಕು. ಕಲ್ಲು ಮಣ್ಣಿಗೆ ಬಡಿಯುವ ಕುರ್ಪಿಗೆ ನನ್ನ ಮತ ನೇರಳೆಗೆ. ಬಾಯಿಗೆ ನೇರಳೆ ತಲುಪಿದ ಕ್ಷಣವೇ ಎಣ್ಣೆಗೆ ಅದ್ದಿ, ಬಣ್ಣ ಅಲ್ಲೇ ನಿಲ್ಲಬೇಕು.

ತಾಮ್ರದ್ದು ಇದಕ್ಕೆ ತಿರುಗಾ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ, ಬಡಿದಂತೆ ಗಟ್ಟಿಯಾಗುತ್ತದೆ. ಅಲ್ಯೂಮಿನಿಯಂ ಕೆಂಪಾಗುವುದನ್ನು ಕಾಯುತ್ತಾ ಕೂತರೆ 660 ಡಿಗ್ರಿಗೆ ಕರಗಿ ಕೆಳಗೆ ಬಿದ್ದಿರುತ್ತದೆ.

ಮಸೆಯುವಾಗಲೇ ಹೆಚ್ಚಿನ ಕುರ್ಪಿಗಳು ಕೆಡುತ್ತವೆ. ಕೆಲಸ ಬಲ್ಲವರು ಹೇಳುವುದು ಇಷ್ಟೇ: ‘ಹದ ಹಾಕಿದ ಮ್ಯಾಲೆ ಗ್ರೈಂಡರ್ ಹಚ್ಚಬ್ಯಾಡ್ರಿ.’ ಡಿಸ್ಕ್ ತಾಗಿ ಬಾಯಿ ನೀಲಿಗೆ ತಿರುಗಿ ಮಾಸಿದರೆ ಅಷ್ಟು ಜಾಗ ಮತ್ತೆ ಮೆತ್ತಗಾಯಿತು, ಪುನಃ ಕುಲುಮೆಗೇ ಹೋಗಬೇಕು. ನೀರು ಹಾಕುತ್ತಾ ಸಾಣೆಕಲ್ಲಿನ ಮೇಲೆ ಮಸೆಯಿರಿ. ಕೊನೆಗೆ ಬಾಯಿಗೆ ಒದ್ದೆ ಬಟ್ಟೆ ಸುತ್ತಿ, ಬಾಲದ ತುದಿಯನ್ನಷ್ಟೇ ಕಾಯಿಸಿ, ಜಾಲಿ ಹಿಡಿಕೆಯ ತೂತಿಗೆ ಒತ್ತಿ ಕೂರಿಸಿ.